ಎಡೆ ಇಡುವುದು, ಎಡೆ ಬಿಡುವುದು

ಕಾರ್ತೀಕಮಾಸವು ಸಮೀಪಿಸಿತೆಂದರೆ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ನಮ್ಮ ಮನೆಗಳಲ್ಲಿ ವನಭೋಜನದ ಮಾತು ಮೊದಲಾಗುತ್ತದೆ. ಊರ ಹೊರಗಿನ ತೋಟವೊಂದರಲ್ಲಿ ನೆಲ್ಲಿಯ ಮರದ ಕೆಳಗೆ ದಾಮೋದರನನ್ನು ಪೂಜಿಸಿ, ಧಾತ್ರೀಹವನವನ್ನು ಮುಗಿಸಿ, ಬಾಳೆಯೆಲೆಯ ಮುಂದೆ ಸಾಲಾಗಿ ಕುಳಿತು ಉಣ್ಣುವ ಆ ಒಂದು ದಿನವನ್ನು ಮಕ್ಕಳು ವರ್ಷವಿಡೀ ನೆನೆಯುತ್ತವೆ. ನೆತ್ತಿಯ ಮೇಲೆ ಗಿಳಿಗಳ ಕೂಗು, ಎಲೆಯ ಅಂಚಿಗೆ ಬಂದು ನೋಡುವ ಅಳಿಲು, ದೂರದ ಹೊಲದಲ್ಲಿ ನವಿಲಿನ ಧ್ವನಿ. ಇವೆಲ್ಲ ಇದ್ದರೇನೇ ವನಭೋಜನಕ್ಕೆ ಕಳೆ. ಆ ದಿನ ವನದಲ್ಲಿ ನಾವು ಅತಿಥಿಗಳು. ನಮ್ಮನ್ನು ಯಾವ ಪಕ್ಷಿಯೂ ಅಟ್ಟುವುದಿಲ್ಲ. ಆದರೆ ಅದೇ ಪಕ್ಷಿಯು ಉಳಿದ ದಿನಗಳಲ್ಲಿ ನಮ್ಮ ಹಿತ್ತಲಿಗೆ ಬಂದರೆ ನಾವು ಅದನ್ನು ಅತಿಥಿಯೆಂದು ಕಾಣುತ್ತೇವೆಯೋ, ಕಳ್ಳನೆಂದು ಕಾಣುತ್ತೇವೆಯೋ? ಈ ಪ್ರಶ್ನೆಯನ್ನು ವಾಚಕರ ಮುಂದಿಡುವುದಕ್ಕೆ ಕಾರಣವಾದ ಸಂಗತಿಯು ನಮ್ಮ ಮನೆಯಲ್ಲಿಯೇ ನಡೆದದ್ದು. ಅದನ್ನು ಮರೆಮಾಚದೆ ಹೇಳುವುದು ಉಚಿತವೆಂದು ಭಾವಿಸಿದ್ದೇವೆ.

ನಮ್ಮ ಹಿತ್ತಲಿನಲ್ಲಿ ಬಾವಿಯ ಪಕ್ಕಕ್ಕೆ ದೊಡ್ಡದೊಂದು ಅತ್ತಿಯ ಮರವಿತ್ತು. ವರ್ಷದಲ್ಲಿ ಹಲವು ಬಾರಿ ಅದರ ಕಾಂಡಕ್ಕೇ ಅಂಟಿಕೊಂಡಂತೆ ಹಣ್ಣು ಬಿಡುತ್ತಿತ್ತು, ಹಣ್ಣು ಉದುರಿ ಅಂಗಳವೆಲ್ಲ ಕೆಂಪಾಗುತ್ತಿತ್ತು, ನೊಣ ಮುತ್ತುತ್ತಿತ್ತು, ಇರುಳಲ್ಲಿ ಬಾವಲಿಗಳ ಗದ್ದಲ. ದ್ವಿಚಕ್ರವಾಹನಕ್ಕೊಂದು ಸೂರು ಬೇಕು, ನೆಲಕ್ಕೆ ಕಾಂಕ್ರೀಟು ಬೇಕು ಎಂದು ನಾವು ಹಟ ಹಿಡಿದೆವು. ತೀರ್ಥರೂಪರು ಎರಡು ಸಲ ಬೇಡವೆಂದರು. ಮೂರನೆಯ ಸಲ ಸುಮ್ಮನಾದರು. ಮರ ಉರುಳಿತು. ಅದರ ತುದಿಯಲ್ಲಿದ್ದ ಎರಡು ಕಾಗೆಯ ಗೂಡುಗಳೂ ಉರುಳಿದವು. ಅದೇ ಬೇಸಗೆಯಲ್ಲಿ ಪೇರಲ ಗಿಡಕ್ಕೆ ನೈಲಾನ್ ಬಲೆ ಹೊದಿಸಿ, ಎರಡು ದಿನದ ಮಟ್ಟಿಗೆ ಪರಊರಿನ ಮದುವೆಗೆ ಹೋದೆವು. ಹಿಂದಿರುಗಿ ಬಂದಾಗ ಬಲೆಯೊಳಗೆ ಒಂದು ಪಿಕಳಾರ ಹಕ್ಕಿ ತಲೆಕೆಳಗಾಗಿ ಸತ್ತಿತ್ತು. ಅದರ ಕಾಲಿಗೆ ಸುತ್ತಿದ್ದ ದಾರವನ್ನು ಬಿಡಿಸಲು ಕತ್ತರಿಯೇ ಬೇಕಾಯಿತು.

ಆ ವರ್ಷ ಪಿತಾಮಹರ ಶ್ರಾದ್ಧದ ದಿನ ಎಂದಿನಂತೆ ವಾಯಸಪಿಂಡವನ್ನು ಮಹಡಿಯ ಕಟ್ಟೆಯ ಮೇಲೆ ಇಟ್ಟೆವು. ಕರೆದೆವು, ಕಾದೆವು. ಕಾಗೆ ಬರಲಿಲ್ಲ. ಹೊತ್ತು ಮೀರುತ್ತ ಬಂದಿತು. ಮನೆಯ ಹೆಂಗಸರು ಕಳವಳಗೊಂಡರು. ಪಿತೃಗಳಿಗೆ ಏನೋ ಅಸಮಾಧಾನವಿದೆ, ಸಂಕಲ್ಪದಲ್ಲಿ ಲೋಪವಾಗಿರಬಹುದು ಎಂದು ಒಬ್ಬೊಬ್ಬರೂ ಒಂದೊಂದು ಕಾರಣವನ್ನು ಹೇಳಿದರು. ತೀರ್ಥರೂಪರು ಆ ಕಾಂಕ್ರೀಟಿನ ನೆಲವನ್ನು ನೋಡುತ್ತ ಇಷ್ಟೇ ನುಡಿದರು: "ಕಾಗಿ ಮುನಿದಿಲ್ಲಪಾ. ಅದರ ಮನಿ ಕಡದು, ನಮ್ಮ ಮನಿಗೆ ಊಟಕ್ಕ ಬಾ ಅಂದ್ರ ಅದು ಹೆಂಗ ಬರ್ತದ?"

ಆ ಮಾತು ನಮ್ಮನ್ನು ಇಂದಿಗೂ ಬಿಟ್ಟಿಲ್ಲ. ಪಾಠಶಾಲೆಯಲ್ಲಿ ಪಂಚಮಹಾಯಜ್ಞಗಳ ಪಾಠವನ್ನು ನಾವು ಓದಿದ್ದೆವು. ಗೃಹಸ್ಥನ ಮನೆಯಲ್ಲಿ ಐದು 'ಸೂನೆ'ಗಳು, ಎಂದರೆ ವಧಸ್ಥಾನಗಳು, ಇವೆಯೆಂದು ಸ್ಮೃತಿಕಾರರು ಎಣಿಸಿದ್ದಾರೆ: ಒಲೆ, ಬೀಸುವ ಕಲ್ಲು, ಕಸಬರಿಗೆ, ಒರಳು, ನೀರಿನ ಕೊಡ. ಇವುಗಳಿಂದ ನಾವು ಬೇಕೆಂದು ಯಾರನ್ನೂ ಕೊಲ್ಲುವುದಿಲ್ಲ. ಆದರೂ ಇರುವೆ, ಹುಳು, ಕ್ರಿಮಿಗಳು ಅರಿವಿಲ್ಲದೆ ಸಾಯುತ್ತವೆ. ಈ ದೋಷದ ನಿವೃತ್ತಿಗಾಗಿಯೇ ಪಂಚಮಹಾಯಜ್ಞಗಳು ವಿಹಿತವಾದವು. ಅವುಗಳಲ್ಲಿ ಒಂದು ಭೂತಯಜ್ಞ. ವೈಶ್ವದೇವದ ಅನಂತರ ಹೊರಗಿಡುವ ಬಲಿಯು ಕಾಗೆಗೆ, ನಾಯಿಗೆ, ಇರುವೆಗೆ ಸಲ್ಲುವುದು ಆ ಯಜ್ಞದ ಅಂಗವಾಗಿ. ಬುದ್ಧಿಪೂರ್ವಕವಲ್ಲದ ಹಿಂಸೆಗೂ ಲೆಕ್ಕವಿಟ್ಟ ಧರ್ಮ ನಮ್ಮದು. ಕಸಬರಿಗೆಯ ಹಿಂಸೆಯನ್ನೇ ಎಣಿಸಿದವರು ಇಂದಿನ ನೈಲಾನ್ ಬಲೆ, ಕಳೆನಾಶಕ, ಕಾಂಕ್ರೀಟು, ಮರ ಕೊಯ್ಯುವ ಯಂತ್ರ ಇವುಗಳನ್ನು ಕಂಡಿದ್ದರೆ ಸೂನೆಗಳು ಐದೇ ಎಂದು ನಿಲ್ಲಿಸುತ್ತಿದ್ದರೇ?

ಇಲ್ಲಿ ಒಂದು ಸಂದೇಹ ಬರಬಹುದು. ದಿನವೂ ಹಿಡಿ ಅನ್ನವನ್ನು ಹೊರಗಿಟ್ಟರೆ ದೋಷನಿವೃತ್ತಿಯಾಯಿತಲ್ಲ, ಇನ್ನೇನು ಬೇಕು? ನಮ್ಮ ಸೀಮೆಯ ಆಡುಮಾತಿನಲ್ಲಿಯೇ ಇದಕ್ಕೆ ಉತ್ತರವಿದೆಯೆಂದು ನಮಗೆ ತೋರುತ್ತದೆ. 'ಎಡೆ' ಎಂದರೆ ಎಲೆಯ ಮೇಲೆ ಬಡಿಸಿಟ್ಟ ಅನ್ನ; 'ಎಡೆ' ಎಂದರೆ ಇರುವುದಕ್ಕೆ ಜಾಗ. ನಾವು ಎಡೆ ಇಡುವುದನ್ನು ಕಲಿತೆವು, ಎಡೆ ಬಿಡುವುದನ್ನು ಮರೆತೆವು. ಗೂಡು ಕಟ್ಟಲು ಕೊಂಬೆ ಇಲ್ಲದಲ್ಲಿ ಅನ್ನವಿಟ್ಟರೆ ಉಣ್ಣುವವರು ಯಾರು? ಸ್ವೀಕರಿಸುವವರಿಲ್ಲದ ದಾನವು ಕಲ್ಲಿನ ಮೇಲೆ ಒಣಗಿದ ಅಗುಳಾಗಿ ಉಳಿಯುತ್ತದೆ.

ಶಾಸ್ತ್ರವು ಈ ವಿಷಯದಲ್ಲಿ ಏನನ್ನು ಹೇಳುತ್ತದೆ? ಶ್ರೀಮದ್ಭಾಗವತದ ಸಪ್ತಮಸ್ಕಂಧದಲ್ಲಿ ನಾರದರು ಯುಧಿಷ್ಠಿರನಿಗೆ ಗೃಹಸ್ಥಧರ್ಮವನ್ನು ಉಪದೇಶಿಸುವ ಪ್ರಕರಣವಿದೆ. ಹೊಟ್ಟೆ ತುಂಬುವಷ್ಟು ಮಾತ್ರವೇ ದೇಹಧಾರಿಗೆ ತನ್ನದು. ಅದಕ್ಕಿಂತ ಹೆಚ್ಚಿನದನ್ನು ತನ್ನದೆನ್ನುವವನು ಕಳ್ಳನು, ದಂಡಾರ್ಹನು ಎಂಬ ಅಭಿಪ್ರಾಯವು ಅಲ್ಲಿದೆ. ಅದರ ಬೆನ್ನಿಗೇ ಜಿಂಕೆ, ಒಂಟೆ, ಕತ್ತೆ, ಕಪಿ, ಇಲಿ, ಸರ್ಪ, ಪಕ್ಷಿ, ನೊಣ ಇವುಗಳನ್ನು ಸ್ವಂತ ಮಕ್ಕಳಂತೆ ಕಾಣಬೇಕೆಂಬ ಉಪದೇಶವು ಬರುತ್ತದೆ. ಈ ಎರಡು ಮಾತುಗಳು ಅಕ್ಕಪಕ್ಕದಲ್ಲಿ ಇರುವುದು ಆಕಸ್ಮಿಕವಲ್ಲ. ಪೇರಲ ಗಿಡದ ಕೆಳಗೆ ನಿಂತು ಯಾರು ಕಳ್ಳರೆಂದು ವಿಚಾರಿಸಿದರೆ ಬೆರಳು ನಮ್ಮ ಕಡೆಗೇ ತಿರುಗುತ್ತದೆ. ನೂರು ಹಣ್ಣಿನಲ್ಲಿ ಹತ್ತನ್ನು ಹಕ್ಕಿ ತಿಂದಿತ್ತು. ನಾವು ತಿಂದದ್ದು ಮೂವತ್ತು. ಉಳಿದದ್ದು ಕೊಳೆತು ಹೋಗಿತ್ತು.

ಇನ್ನೊಂದು ತತ್ತ್ವವಿಚಾರವೂ ಇಲ್ಲಿ ಪ್ರಸಕ್ತವಾಗಿದೆ. ಸರ್ವವೂ ಒಂದೇ, ಹಕ್ಕಿಯೂ ನಾನೇ, ಆದ್ದರಿಂದ ಅದನ್ನು ಪ್ರೀತಿಸಬೇಕೆಂದು ಕೆಲವರು ಹೇಳುವುದುಂಟು. ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಜಗತ್ತು ಸತ್ಯ, ಜೀವಜೀವರಿಗೆ ಭೇದವೂ ಸತ್ಯ. ಹಾಗಿದ್ದರೆ ದಯೆಗೆ ಆಧಾರವೇನು? ನಮಗೆ ತೋರುವಂತೆ, ಭೇದವೇ ದಯೆಗೆ ಗಟ್ಟಿಯಾದ ಆಧಾರ. ಪಿಕಳಾರವು ನಮ್ಮ ಪ್ರತಿರೂಪವಲ್ಲ. ಅದಕ್ಕೆ ಅದರದೇ ಸ್ವರೂಪ, ಅದರದೇ ಕರ್ಮ, ಅದರದೇ ಹಸಿವು. ಬಲೆಯಲ್ಲಿ ಅದು ಪಟ್ಟ ಸಂಕಟ ತೋರಿಕೆಯಲ್ಲ, ನಿಜ. ನಾವು ಹೇಗೆ ಪರತಂತ್ರರೋ ಅದೂ ಹಾಗೆಯೇ ಪರತಂತ್ರ. ನಮ್ಮಿಬ್ಬರ ಒಳಗೂ ನಿಂತು ನಡೆಸುವ ಸ್ವತಂತ್ರನು ಒಬ್ಬನೇ. ಈಶಾವಾಸ್ಯೋಪನಿಷತ್ತಿನ ಭಾಷ್ಯದಲ್ಲಿ ಆಚಾರ್ಯರು ಈ ಜಗತ್ತು ಈಶನ ವಾಸಕ್ಕೆ ಯೋಗ್ಯವಾದದ್ದೆಂದೂ ಅವನು ಕೊಟ್ಟದ್ದನ್ನು ಮಾತ್ರ ನಾವು ಅನುಭವಿಸಬೇಕೆಂದೂ ಅರ್ಥ ಹೇಳಿದ್ದಾರೆ. ಹಿತ್ತಲೂ ಆ ಜಗತ್ತಿಗೆ ಸೇರಿದ್ದೇ. ಹಕ್ಕುಪತ್ರ ನಮ್ಮ ಹೆಸರಿನಲ್ಲಿರಬಹುದು. ವಾಸ ಅವನದು, ಅವನ ಪರಿವಾರದ್ದು. ತಾರತಮ್ಯವೆಂಬುದು ಯೋಗ್ಯತೆಯ ಕ್ರಮವನ್ನು ಹೇಳುತ್ತದೆಯೇ ಹೊರತು, ಕೆಳಗಿನವನ ಗೂಡನ್ನು ಮೇಲಿನವನು ಕೀಳಬಹುದೆಂದು ಎಲ್ಲಿಯೂ ಹೇಳುವುದಿಲ್ಲ.

ಎಡೆ ಬಿಟ್ಟರೆ ಏನಾಗುತ್ತದೆಂಬುದಕ್ಕೆ ನಿದರ್ಶನವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಶಿಗ್ಗಾಂವಿ ತಾಲೂಕಿನ ಬಂಕಾಪುರದ ಕೋಟೆಯನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಅರವತ್ತು ಕಂಬದ ಗುಡಿಯೆಂದು ಜನ ಕರೆಯುವ ನಗರೇಶ್ವರ ದೇವಾಲಯವಿರುವುದು ಅಲ್ಲಿಯೇ. ಸುಮಾರು 139 ಎಕರೆಯ ಆ ಕೋಟೆಯೊಳಗೆ ಖಿಲಾರಿ ದನಗಳ ತಳಿಸಂವರ್ಧನ ಕೇಂದ್ರವು ನಡೆದುಬಂದಿತು. ದನಗಳಿಗಾಗಿ ಮೇವು ಬೆಳೆದರು. ಸಗಣಿಯಿಂದ ಹುಳುಗಳು ಹೆಚ್ಚಿದವು. ಕಂದಕದ ಅಂಚಿನ ಪೊದೆಗಳನ್ನು ಯಾರೂ ಸವರಲಿಲ್ಲ. ಹಳೆಯ ಮರಗಳನ್ನು ಯಾರೂ ಕಡಿಯಲಿಲ್ಲ. ನವಿಲಿಗೆ ಬೇಕಾದದ್ದು ಇಷ್ಟೇ. ಕಾಳು, ಹುಳು, ಗೆದ್ದಲು, ಹಲ್ಲಿ, ಸಣ್ಣ ಹಾವು ಅದರ ಆಹಾರ. ಇರುಳು ಕಳೆಯಲು ಎತ್ತರದ ಮರ. ಮೊಟ್ಟೆಯಿಡಲು ಪೊದೆಯ ಕೆಳಗಿನ ನೆಲ. ಹೆಣ್ಣುನವಿಲು ನಾಲ್ಕಾರು ಮೊಟ್ಟೆಗಳನ್ನಿಟ್ಟು ಸುಮಾರು 28 ದಿನ ಕಾವು ಕೊಡುತ್ತದೆ. ನೆಲದ ಮೇಲಿನ ಆ ಗೂಡನ್ನು ನಾಯಿಯಿಂದಲೂ ಮನುಷ್ಯನಿಂದಲೂ ಕಾಪಾಡುವುದು ಪೊದೆಯೊಂದೇ. ಹೀಗೆ ಅಲ್ಲಿ ನವಿಲು ತಾನಾಗಿ ನೆಲೆಯೂರಿ ನೂರಾರಾಗಿ ಬೆಳೆಯಿತು. 2006ರಲ್ಲಿ ಸರ್ಕಾರವು ಅದನ್ನು ನವಿಲುಧಾಮವೆಂದು ಘೋಷಿಸಿತು. ನವಿಲನ್ನು ಯಾರೂ ತಂದು ಬಿಡಲಿಲ್ಲ, ಪಂಜರ ಕಟ್ಟಲಿಲ್ಲ. ಎಡೆ ಇತ್ತು, ಬಂದಿತು.

ಅದೇ ಶಿಗ್ಗಾಂವಿ ತಾಲೂಕಿನ ಬಾಡವು ಕನಕದಾಸರ ಜನ್ಮಸ್ಥಳವೆಂಬುದು ಸರ್ವವಿದಿತ. ನವಿಲಿನ ಬಣ್ಣವನ್ನೂ ಗಿಳಿಯ ಹಸಿರನ್ನೂ ಕಂಡು, ಇವುಗಳನ್ನು ರೂಪಿಸಿದವನೇ ಸಾಕುವ ಹೊಣೆಯನ್ನೂ ಹೊತ್ತಿದ್ದಾನೆಂದು ಹಾಡಿದ ಮಹಾನುಭಾವರು ಅವರು. ಆ ಹಾಡನ್ನು ನಾವು ಭಜನೆಯಲ್ಲಿ ತಾಳ ಹಾಕಿ ಹಾಡುತ್ತೇವೆ. ಹರಿಯು ಸಾಕುತ್ತಾನೆ, ಸರಿ. ಅವನು ಸಾಕುವ ಬಟ್ಟಲನ್ನು ನಾವು ಒದೆಯದೆ ಇರುವುದು ನಮ್ಮ ಪಾಲಿನ ಕರ್ತವ್ಯವಲ್ಲವೇ?

ಸವಣೂರಿಗೆ ಬರೋಣ. ಶ್ರೀಸತ್ಯಬೋಧತೀರ್ಥರು 1783ರಲ್ಲಿ ವೃಂದಾವನಸ್ಥರಾದ ಆ ಪುಣ್ಯಕ್ಷೇತ್ರಕ್ಕೆ ಆರಾಧನೆಯ ಕಾಲದಲ್ಲಿ ಹೋಗುವವರು ಅಲ್ಲಿಯ ಕಲ್ಮಠದ ಆವರಣದಲ್ಲಿರುವ ದೊಡ್ಡಹುಣಸೆಯ ಮರಗಳನ್ನೂ ನೋಡಿ ಬರುತ್ತಾರೆ. ಆಫ್ರಿಕಾ ಖಂಡದ ಮೂಲದ ಆ ವೃಕ್ಷ ಯಾವ ಕಾಲದಲ್ಲಿ ಯಾರ ಕೈಯಿಂದ ಬಂದದ್ದೇ ಆಗಲಿ, ಈ ಊರಿನ ನೆಲವು ಅದನ್ನು ತನ್ನದಾಗಿ ಮಾಡಿಕೊಂಡಿತು. ಅದರ ಬಿಳಿಯ ದೊಡ್ಡ ಹೂವು ಅರಳುವುದು ಸಂಜೆಯ ಹೊತ್ತಿಗೆ. ಆ ಹೂವಿಗೆ ಪರಾಗಸ್ಪರ್ಶ ಮಾಡುವವು ಬಾವಲಿಗಳು. ಅಪಶಕುನವೆಂದು ನಾವು ಓಡಿಸುವ ಬಾವಲಿಯೇ ನಾವು ಪ್ರದಕ್ಷಿಣೆ ಹಾಕುವ ವೃಕ್ಷಕ್ಕೆ ಪುರೋಹಿತ! 2023ರ ಜುಲೈ ತಿಂಗಳ ಮಳೆಯಲ್ಲಿ ಆ ಮೂರು ಮರಗಳಲ್ಲಿ ಒಂದು ಬುಡಸಮೇತ ಉರುಳಿತು. ಅದನ್ನು ಸೌದೆಯೆಂದು ಕಡಿದು ಹಂಚಿಕೊಳ್ಳದೆ, ಮತ್ತೆ ನೆಡುವ ಪ್ರಯತ್ನವನ್ನು ಮಾಡಿದರು. ಆ ವಾರ್ತೆಯನ್ನು ಓದಿದಾಗ ನಮ್ಮ ಅತ್ತಿಯ ಮರವನ್ನು ನೆನೆದು ನಾವು ತಲೆ ತಗ್ಗಿಸಿದೆವು. ದಿನವೂ ಪಠಿಸುವ ವಿಷ್ಣುಸಹಸ್ರನಾಮದಲ್ಲಿ ನ್ಯಗ್ರೋಧ, ಉದುಂಬರ, ಅಶ್ವತ್ಥ ಎಂಬ ಮೂರು ನಾಮಗಳು ಒಂದರ ಹಿಂದೊಂದು ಬರುತ್ತವೆ. ಆಲ, ಅತ್ತಿ, ಅರಳಿ ಈ ಮೂರೂ ಒಂದೇ ಕುಲದ ವೃಕ್ಷಗಳು. ಬೇರೆ ಮರಗಳಲ್ಲಿ ಹಣ್ಣಿಲ್ಲದ ಕಾಲದಲ್ಲಿಯೂ ಇವುಗಳಲ್ಲಿ ಯಾವುದಾದರೊಂದು ಫಲ ಕೊಟ್ಟು ಹಸಿರು ಪಾರಿವಾಳ, ಮಂಗಟ್ಟೆ, ಕೋಗಿಲೆ, ಅಳಿಲುಗಳನ್ನು ಬದುಕಿಸುತ್ತದೆ. ಉದುಂಬರ ನಾಮವನ್ನು ಬೆಳಿಗ್ಗೆ ಉಚ್ಚರಿಸಿ ಮಧ್ಯಾಹ್ನ ಉದುಂಬರವನ್ನು ಕಡಿಸಿದವರು ನಾವು.

ಕಾಗೆಯ ವಿಷಯದಲ್ಲಿಯೂ ಒಂದು ಮಾತು. ಕೋಗಿಲೆಯು ತನ್ನ ಮೊಟ್ಟೆಯನ್ನು ಕಾಗೆಯ ಗೂಡಿನಲ್ಲಿಡುತ್ತದೆಂಬುದು ಕಾವ್ಯ ಓದಿದವರಿಗೆಲ್ಲ ಗೊತ್ತು. ಕಾಗೆಗೆ ಕೊಂಬೆಯಿಲ್ಲವಾದರೆ ವಸಂತದಲ್ಲಿ ಕೋಗಿಲೆಯ ದನಿಯೂ ಇಲ್ಲವಾಗುತ್ತದೆ. ನಾವು ಪಿತೃಗಳ ಹೆಸರಿನಲ್ಲಿ ಪಿಂಡವಿಡುವ ಆ ಪಕ್ಷಿಯನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಇಲಿ, ಬಾವಲಿಗಳ ಜೊತೆಗೆ ಹಾನಿಕರ ಪ್ರಾಣಿಗಳ ಪಟ್ಟಿಯಲ್ಲಿ ಸೇರಿಸಿತ್ತು. 2022ರ ತಿದ್ದುಪಡಿಯಿಂದ ಆ ಪಟ್ಟಿಯು ಇಲ್ಲವಾಯಿತು. ರಾಮಾಯಣದ ಜಟಾಯುವಿನ ಕುಲಕ್ಕೆ ಬಂದ ಗತಿಯು ಇನ್ನೂ ದಾರುಣವಾದದ್ದು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧವು ಸತ್ತ ದನದ ಮಾಂಸದ ಮೂಲಕ ಹದ್ದುಗಳ ಮೂತ್ರಪಿಂಡವನ್ನು ಕೆಡಿಸಿ, 1990ರ ದಶಕದಿಂದ ದೇಶದ ರಣಹದ್ದುಗಳ ಬಹುಭಾಗವನ್ನು ನಾಶಮಾಡಿತು. 2006ರಲ್ಲಿ ದನಗಳಿಗೆ ಅದನ್ನು ಕೊಡುವುದು ನಿಷೇಧವಾಯಿತು. ಹೋದ ಹದ್ದುಗಳು ಹಿಂದಿರುಗಿ ಬರಲಿಲ್ಲ. ಔಷಧ ಕೊಟ್ಟವನಿಗೆ ದನದ ಮೇಲೆ ಕರುಣೆಯೇ ಇತ್ತು. ಅರಿಯದೆ ಮಾಡಿದ ಹಿಂಸೆಗೂ ಪ್ರಾಯಶ್ಚಿತ್ತ ಬೇಕೆಂದು ಹಿರಿಯರು ಹೇಳಿದ್ದರ ಅರ್ಥ ಇಲ್ಲಿ ಸ್ಪಷ್ಟವಾಗುತ್ತದೆ.

ಈಗ ಆಕ್ಷೇಪವನ್ನು ಎದುರಿಸಬೇಕು. ಹಾನಗಲ್ಲಿನ ಮಾವಿನ ತೋಟದವನೂ ಹಿರೇಕೆರೂರಿನ ಗೋವಿನಜೋಳದ ಹೊಲದವನೂ ನಮ್ಮ ಮಾತನ್ನು ಕೇಳಿದರೆ ಹೀಗೆನ್ನಬಹುದು: "ಸ್ವಾಮಿ, ನಿಮಗೆ ನವಿಲು ನೋಟ, ನಮಗೆ ನವಿಲು ನಷ್ಟ. ಬಿತ್ತಿದ ಕಾಳನ್ನು ಹೆಕ್ಕಿ ತಿಂದರೆ ಮತ್ತೆ ಬಿತ್ತುವ ಬೀಜಕ್ಕೆ ಹಣ ಯಾರು ಕೊಡುತ್ತಾರೆ?" ಇದು ಹಗುರವಾದ ಪ್ರಶ್ನೆಯಲ್ಲ. 1963ರಿಂದ ನವಿಲು ರಾಷ್ಟ್ರಪಕ್ಷಿ. ಅದನ್ನು ಕೊಲ್ಲುವುದು ಘೋರ ಅಪರಾಧ. ಆದರೆ ರಾಷ್ಟ್ರದ ಪಕ್ಷಿಗೆ ಉಣಬಡಿಸುವ ಭಾರ ಎರಡೆಕರೆಯ ರೈತನೊಬ್ಬನ ಮೇಲೆ ಬೀಳುವುದು ನ್ಯಾಯವಲ್ಲ. ರಂತಿದೇವನು ತನ್ನ ಪಾಲಿನ ಅನ್ನವನ್ನೂ ಕೊನೆಯ ಗುಟುಕು ನೀರನ್ನೂ ಕೊಟ್ಟನು. ನೆರೆಯವನ ಪಾಲನ್ನು ಕೊಡಲಿಲ್ಲ. ಸಂಬಳದ ಮೇಲೆ ಜೀವಿಸುವ ನಾವು ಮಹಡಿಯ ಮೇಲೆ ನಿಂತು ರೈತನಿಗೆ ಭೂತದಯೆಯನ್ನು ಬೋಧಿಸುವುದು ಸಲ್ಲದು. ಮೊದಲು ನಮ್ಮ ಹಿತ್ತಲು, ನಮ್ಮ ಗುಡಿಯ ಪೌಳಿ, ನಮ್ಮ ಮಠದ ತೋಟ. ಅನಂತರ ಪರರ ಹೊಲ. ಊರಲ್ಲಿ ಮರ, ಪೊದೆ, ನೀರು ಇದ್ದಷ್ಟೂ ಹೊಲದ ಮೇಲಿನ ಭಾರವನ್ನು ಅಷ್ಟಾದರೂ ಹಂಚಿಕೊಂಡಂತಾಗುತ್ತದೆ. ರೈತನಿಗೂ ಒಂದು ವಿಜ್ಞಾಪನೆಯಿದೆ. ಹೊಲ ಉಳುವಾಗ ನೇಗಿಲ ಹಿಂದೆ ನಡೆಯುವ ಬೆಳ್ಳಕ್ಕಿಯೂ, ಇಲಿ ಹಿಡಿಯುವ ಗೂಬೆಯೂ, ಕೀಡೆ ತಿನ್ನುವ ಗೊರವಂಕವೂ ಕೂಲಿ ಕೇಳದ ಆಳುಗಳು. ಲೆಕ್ಕ ಹಾಕುವಾಗ ಎರಡೂ ಬದಿಯನ್ನು ಬರೆಯಬೇಕು.

ಹಾಗಾದರೆ ನಾವು ಮಾಡಬಹುದಾದದ್ದೇನು? ದೊಡ್ಡ ವೆಚ್ಚದ ಕೆಲಸ ಒಂದೂ ಇಲ್ಲ.

ಹಿತ್ತಲಿನ ಒಂದು ಮೂಲೆಯನ್ನು ಗುಡಿಸದೆ ಬಿಡುವುದು. ಉದುರಿದ ಎಲೆಯನ್ನು ಸುಡದೆ ಅಲ್ಲಿಯೇ ಕೊಳೆಯಲು ಬಿಟ್ಟರೆ ಹುಳುವಾಗುತ್ತದೆ. ಹುಳುವಿದ್ದರೆ ಓತಿಕ್ಯಾತ, ಕೆಂಬೂತ, ಮುಂಗುಸಿ ಬರುತ್ತವೆ. ಗುಬ್ಬಿಗೆ ಅಕ್ಕಿ ಚೆಲ್ಲುವವರಿಗೆ ಒಂದು ಸಂಗತಿ ತಿಳಿದಿರಲಿ: ಗುಬ್ಬಿಯ ಎಳೆಯ ಮರಿಗೆ ಬೇಕಾದದ್ದು ಕಾಳಲ್ಲ, ಹುಳು. ಹುಳುವಿಲ್ಲದ ಅಂಗಳದಲ್ಲಿ ತಾಯಿಗುಬ್ಬಿ ಉಂಡರೂ ಮರಿ ಉಳಿಯುವುದಿಲ್ಲ. ಮೈಗೆ ಎರಚಿಕೊಳ್ಳಲು ಅದಕ್ಕೆ ಅಂಗೈಯಗಲ ಬರಿಯ ಮಣ್ಣೂ ಬೇಕು.

ಕರಿಬೇವು, ನಿಂಬೆ, ಬಿಲ್ವದ ಚಿಗುರನ್ನು ಮೇಯುವ ಹುಳುವನ್ನು ಕಂಡೊಡನೆ ಹೊಸಕದಿರುವುದು. ಮೊದಲು ಹಕ್ಕಿಯ ಹಿಕ್ಕೆಯಂತೆಯೂ ಆಮೇಲೆ ಹಸಿರಾಗಿಯೂ ಕಾಣುವ ಆ ಹುಳುವೇ ಹಳದಿ ಚುಕ್ಕೆಗಳ ಕಪ್ಪು ಚಿಟ್ಟೆಯಾಗುತ್ತದೆ. ಒಗ್ಗರಣೆಗೆ ನಾಲ್ಕು ಎಸಳು ಕಡಿಮೆಯಾದರೆ ಮನೆ ಬಡವಾಗದು.

ಪೂಜೆಗೆ ಹೂ ಕೀಳುವಾಗ ಗಿಡವನ್ನು ಬೋಳಿಸದಿರುವುದು. ದ್ವಾದಶಿಯಂದು ತುಲಸಿಯನ್ನು ಕೀಳಬಾರದೆಂಬ ನಿಯಮವನ್ನು ನಾವು ಪಾಲಿಸುತ್ತೇವಲ್ಲ. ಕೈ ತಡೆಯುವುದೂ ಪೂಜೆಯ ಅಂಗವೆಂದು ಅದರಿಂದ ತಿಳಿಯಬೇಕು. ತುಲಸಿಯ ಕದಿರಿಗೆ ಜೇನು ಬರುತ್ತದೆ, ದಾಸವಾಳಕ್ಕೆ ಸೂರಕ್ಕಿ ಬರುತ್ತದೆ. ಅವುಗಳಿಗೂ ಕೆಲವನ್ನು ಉಳಿಸಿ ಕಿತ್ತ ಹೂವು ಶ್ರೀಹರಿಗೆ ಕಡಿಮೆಯಾಗುವುದಿಲ್ಲ.

ಚೈತ್ರ, ವೈಶಾಖಗಳಲ್ಲಿ ಅಗಲವಾದ, ಆಳವಿಲ್ಲದ ಮಣ್ಣಿನ ತಟ್ಟೆಯಲ್ಲಿ ನೀರಿಟ್ಟು ದಿನವೂ ಬದಲಿಸುವುದು. ಹಣ್ಣಿನ ಗಿಡಕ್ಕೆ ಬಲೆ ಹೊದಿಸುವ ಬದಲು ಬೇಕಾದಷ್ಟು ಕಾಯಿಗೆ ಮಾತ್ರ ಕಾಗದದ ಚೀಲ ಕಟ್ಟುವುದು. ನಾಗರ ಪಂಚಮಿಯಂದು ಹುತ್ತಕ್ಕೆ ಹಾಲೆರೆಯುವುದು ರೂಢಿ; ಹಾವಿಗೆ ಹಾಲು ಆಹಾರವಲ್ಲ; ವರ್ಷದ ಉಳಿದ ದಿನಗಳಲ್ಲಿ ಆ ಹುತ್ತವನ್ನು ಅಗೆಯದೆ ಬಿಡುವುದೇ ನಾಗನಿಗೆ ಸಲ್ಲುವ ಸೇವೆ. ಹಾಗೆಯೇ ಕ್ಷೇತ್ರಗಳಲ್ಲಿ ಮಂಗಗಳಿಗೆ ತಿಂಡಿ ಎಸೆಯುವುದು ದಯೆಯಲ್ಲ. ಅವು ಕಾಡಿನ ಆಹಾರವನ್ನು ಮರೆತು ಕೈಚೀಲ ಕಸಿಯುವುದನ್ನು ಕಲಿಯುತ್ತವೆ. ಅವುಗಳಿಗೂ ನಾವು ಕೊಡಬೇಕಾದದ್ದು ತಿಂಡಿಯಲ್ಲ, ಮರ.

ನಮ್ಮ ಮನೆಯ ಕಥೆಯ ಶೇಷವನ್ನು ಹೇಳಿ ವಿರಮಿಸುತ್ತೇವೆ. ಅತ್ತಿಯನ್ನು ಕಡಿಸಿದ ಎರಡನೆಯ ವರ್ಷ, ಬಾವಿಯ ಕಟ್ಟೆಯ ಬಿರುಕಿನಲ್ಲಿ ಗೇಣುದ್ದದ ಒಂದು ಸಸಿ ತಲೆಯೆತ್ತಿತು. ನೋಡಿದರೆ ಅತ್ತಿ! ಎಂದೋ ಯಾವುದೋ ಹಕ್ಕಿ ಹಿಕ್ಕಿದ ಬೀಜ. ಕಟ್ಟೆ ಸೀಳುತ್ತದೆಂದು ಕೀಳಲು ಹೋದ ನಮ್ಮ ಕೈಯನ್ನು ತೀರ್ಥರೂಪರು ಹಿಡಿದರು. ಮಳೆಗಾಲ ಬರುವವರೆಗೆ ಕಾದು, ಕಾಂಕ್ರೀಟಿನ ಒಂದು ಚೌಕವನ್ನು ಒಡೆಸಿ, ಅದನ್ನು ಅಲ್ಲಿ ನೆಟ್ಟೆವು. ಈಗ ಅದು ಆಳೆತ್ತರ ಮೀರಿದೆ. ಕೊಂಬೆಗಳು ಇನ್ನೂ ಕಾಗೆಯ ಗೂಡನ್ನು ಹೊರುವಷ್ಟು ಬಲಿತಿಲ್ಲ. ಕಳೆದ ಶ್ರಾದ್ಧದಲ್ಲಿಯೂ ವಾಯಸಪಿಂಡವನ್ನು ಹೊತ್ತುಕೊಂಡು ಊರ ಕೆರೆಯ ದಂಡೆಗೇ ಹೋದೆವು. ಆದರೆ ಸಸಿಯ ಬುಡದಲ್ಲಿ ಓತಿಕ್ಯಾತವೊಂದು ನೆಲೆಯೂರಿದೆ. ಮೇಲಿನ ಎಲೆಗಳೆರಡನ್ನು ನಾರಿನಿಂದ ಹೊಲಿದು ಟುವ್ವಿಹಕ್ಕಿಯೊಂದು ಗೂಡು ಮಾಡಿತ್ತು. ಮಕ್ಕಳು ದಿನವೂ ದೂರದಿಂದ ನೋಡಿ, ಮುಟ್ಟದೆ ಹಿಂದಿರುಗುತ್ತಾರೆ.

ಬರುವ ಕಾರ್ತೀಕದಲ್ಲಿ ವನಭೋಜನಕ್ಕೆ ಹೊರಡುವ ಕುಟುಂಬಗಳು ಬಾಳೆಯೆಲೆ, ಮುತ್ತುಗದ ಪತ್ರಾವಳಿಗಳನ್ನೇ ಬಳಸಿ, ಪ್ಲಾಸ್ಟಿಕ್ ಒಂದನ್ನೂ ಅಲ್ಲಿ ಬಿಡದೆ, ಹಿಂದಿರುಗುವ ಮುನ್ನ ಒಂದು ನೆಲ್ಲಿಯ ಸಸಿಯನ್ನೋ ಅತ್ತಿಯ ಸಸಿಯನ್ನೋ ನೆಟ್ಟು ಬರಲೆಂದು ವಿಜ್ಞಾಪಿಸುತ್ತೇವೆ. ಸರ್ವಜೀವಾಂತರ್ಯಾಮಿಯಾದ ದಾಮೋದರನು ನಾವಿಟ್ಟ ಎಡೆಯನ್ನೂ ನಾವು ಬಿಟ್ಟ ಎಡೆಯನ್ನೂ ಸ್ವೀಕರಿಸಲಿ.

ಶ್ರೀಕೃಷ್ಣಾರ್ಪಣಮಸ್ತು.